ಸುಂಫೋನೆಯೋ: ಇಬ್ಬರು ಒಮ್ಮನಸ್ಸಾಗುವುದು ಅಂದ್ರೆ ಏನು?

ಬೆಂಗಳೂರಿನಿಂದ, ಮಾಲೂರಿನಿಂದ ಲಕ್ಕೂರಿನ ಈ ಕೂಟಕ್ಕೆ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಮತ್ತಾಯ 18:19 ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ಅದರಲ್ಲೇ ತೆಗೆಯಿರಿ.

ಇಬ್ಬರು ಒಮ್ಮನಸ್ಸಾಗಿ ಬೇಡಿಕೊಂಡರೆ ಪರಲೋಕದ ತಂದೆ ಕೊಡ್ತಾನೆ ಎಂದು ಯೇಸು ಇಲ್ಲಿ ಹೇಳುತ್ತಾನೆ. ಈ ಒಮ್ಮನಸ್ಸಿಗೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ‘ಸುಂಫೋನೆಯೋ’. ‘ಸುನ್’ ಅಂದ್ರೆ ಜೊತೆಗೆ, ‘ಫೋನೆ’ ಅಂದ್ರೆ ಧ್ವನಿ. ಒಟ್ಟಿಗೆ ಧ್ವನಿಸುವುದು. ಸಿಂಫನಿ ಅನ್ನೋ ಮಾತಿನ ಬೇರೂ ಇದೇ.

ಗಮನಿಸಿ, ಎಲ್ಲರೂ ಒಂದೇ ಸ್ವರ ಹಾಡಬೇಕು ಅಂತ ಇದರ ಅರ್ಥ ಅಲ್ಲ. ಗ್ರೀಕರ ಸಂಗೀತದಲ್ಲಿ ಎರಡು ಬೇರೆ ಸ್ವರಗಳು ಇಂಪಾಗಿ ಕೂಡಿದರೆ ಅದು ‘ಸುಂಫೋನಿಯ’. ನಮ್ಮ ತಂಬೂರಿ ನೋಡಿ: ಸ ಬೇರೆ, ಪ ಬೇರೆ, ಶ್ರುತಿ ಮಾತ್ರ ಒಂದೇ.

ಮತ್ತಾಯ 20:2ರಲ್ಲಿ ಯಜಮಾನ ಕೂಲಿಯಾಳುಗಳ ಜೊತೆ ದಿನಗೂಲಿ ಮಾತಾಡಿಕೊಳ್ಳುತ್ತಾನೆ. ಅಲ್ಲೂ ಇದೇ ಪದ. ಸಂಜೆ ಆ ಮಾತಿನಂತೆಯೇ ಕೊಡ್ತಾನೆ. ಆದರೆ ಅಪೊಸ್ತಲರ ಕೃತ್ಯಗಳು 5:9ರಲ್ಲಿ ಅನನೀಯ, ಸಪ್ಫೈರ ಸುಳ್ಳು ಹೇಳೋದಕ್ಕೆ ಒಪ್ಪಿಕೊಂಡಾಗಲೂ ಇದೇ ಪದ! ಹಾಗಾದರೆ ಇಬ್ಬರು ಒಪ್ಪಿದರೆ ಸಾಲದು. ಶ್ರುತಿ ಯಾರದ್ದು ಅನ್ನೋದೇ ಪ್ರಶ್ನೆ. 20ನೇ ವಚನ ಉತ್ತರ ಕೊಡುತ್ತದೆ: ಯೇಸುವಿನ ನಾಮದಲ್ಲಿ ಕೂಡಬೇಕು.

“ಪಾಸ್ಟರ್, ಕೆಲಸಕ್ಕಾಗಿ ನನ್ನ ಜೊತೆ ಒಮ್ಮನಸ್ಸಾಗಿ ಪ್ರಾರ್ಥನೆ ಮಾಡಿ” ಅಂತ ನೀವು ಕೇಳ್ತೀರಿ. ಸಂತೋಷವಾಗಿ ಮಾಡ್ತೀನಿ. ಆದರೆ ನಾನೂ ಒಂದು ಕೇಳ್ತೀನಿ: ಮನೆಯಲ್ಲಿ ಅಣ್ಣನ ಜೊತೆ ಮಾತಾಡ್ತಿದ್ದೀಯಾ? ಯಾಕಂದ್ರೆ ಈ ವಾಗ್ದಾನದ ಹಿಂದೆಯೇ, 15ನೇ ವಚನದಲ್ಲಿ, ತಪ್ಪು ಮಾಡಿದ ಸಹೋದರನ ಬಳಿಗೆ ಹೋಗು ಅಂತಿದೆ. ಮುಂದೆ 21ರಲ್ಲಿ ಪೇತ್ರ ಎಷ್ಟು ಸಾರಿ ಕ್ಷಮಿಸಬೇಕು ಅಂತ ಕೇಳ್ತಾನೆ. ನಾವು ಹಿಂದಿನದನ್ನೂ ಮುಂದಿನದನ್ನೂ ಬಿಟ್ಟು ನಡುವಿನ ವಚನ ಮಾತ್ರ ಸ್ಟೇಟಸ್ ಹಾಕ್ತೀವಿ.

ಲೂಕ 15:25 ಓದಿ. ತಪ್ಪಿಹೋದ ತಮ್ಮ ಮನೆಗೆ ಬಂದಿದ್ದಾನೆ. ಹಿರಿಮಗನಿಗೆ ಒಳಗಿಂದ ವಾದ್ಯ ಕೇಳಿಸುತ್ತದೆ. ಆ ವಾದ್ಯಕ್ಕೆ ಲೂಕ ಬರೆದ ಪದ ‘ಸುಂಫೋನಿಯ’. ಅವನು ಅದನ್ನು ಕೇಳಿಯೂ ಸಿಟ್ಟಿನಿಂದ ಹೊರಗೇ ನಿಂತ. ತಂದೆಯೇ ಹೊರಗೆ ಬಂದು ಅವನನ್ನು ಬೇಡಿಕೊಂಡ.

ಪ್ರಿಯರೇ, ಬ್ಲಾಕ್ ಮಾಡಿರೋ ಆ ನಂಬರ್‌ಗೆ ಇವತ್ತು ನೀವೇ ಮೊದಲು ಫೋನ್ ಮಾಡಿ. ಆಮೇಲೆ ಇಬ್ಬರೂ ಸೇರಿ ಬೇಡಿಕೊಳ್ಳಿ. ಆಮೆನ್.