ಕಳೆದಲ್ಲೇ ಹುಡುಕಬೇಕೆ?

ಪ್ರಶ್ನೆ: ನನಗೆ 37 ವರ್ಷ. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷದ ಹಿಂದೆ ಚಾರ್ಟ್ ನೋಡಿ ಸ್ವಿಂಗ್ ಟ್ರೇಡಿಂಗ್ ಮಾಡುವುದನ್ನು ಕಲಿತೆ. ಮೊದಮೊದಲು ಲಾಭ ಬಂತು. ಈಗ 3.20 ಲಕ್ಷ ರೂಪಾಯಿ ಹೋಗಿದೆ. ಅದರಲ್ಲಿ ಒಂದೂವರೆ ಲಕ್ಷ ಸಾಲದ ದುಡ್ಡು. ಒಂದೇ ಷೇರಿನಲ್ಲಿ ಮೂರು ಸಲ, ಇಷ್ಟಕ್ಕಿಳಿದರೆ ಮಾರಿಬಿಡಬೇಕೆಂಬ ಸ್ಟಾಪ್‌ಲಾಸ್ ಕೆಳಗಿಳಿಸಿದೆ. ಹೆಂಡತಿಗೆ ಏನೂ ಗೊತ್ತಿಲ್ಲ. ಭಾನುವಾರ ರಾತ್ರಿಯಾದರೆ ಎದೆ ಡವಡವ. ಕಳೆದಲ್ಲೇ ಹುಡುಕಬೇಕು ಅನ್ನುತ್ತಾರಲ್ಲ, ಇನ್ನೊಂದು ಸಲ ನೋಡಲೇ?

ಉತ್ತರ: ಮಕ್ಕಳಿಗೆ ಲೆಕ್ಕ ಹೇಳಿಕೊಡುವವರಿಗೇ ಲೆಕ್ಕ ತಪ್ಪಿದಾಗ ಆಗುವ ನಾಚಿಕೆ ದೊಡ್ಡದು. ಅದನ್ನು ಒಬ್ಬರೇ ಹೊತ್ತುಕೊಂಡು ದಿನವೂ ಕರಿಹಲಗೆಯ ಮುಂದೆ ನಿಲ್ಲುವುದು ಇನ್ನೂ ಕಷ್ಟ. ನೀವು ದಡ್ಡರಲ್ಲ. ಮನೆಗೆ ನಾಲ್ಕು ಕಾಸು ಹೆಚ್ಚಿಗೆ ಬರಲಿ ಎಂದು ಹೊರಟವರು. 2022-23ರಲ್ಲಿ ಅದೇ ದಿನ ಕೊಂಡು ಅದೇ ದಿನ ಮಾರಿದ ಹತ್ತು ಮಂದಿಯಲ್ಲಿ ಏಳು ಮಂದಿ ಕಳೆದುಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ. ನಿಮ್ಮದು ಕೆಲವು ದಿನ ಹಿಡಿದಿಟ್ಟುಕೊಳ್ಳುವ ವ್ಯಾಪಾರ, ಸ್ವಲ್ಪ ಬೇರೆ. ಆದರೂ ಈ ಸಂಕಟದಲ್ಲಿ ನೀವು ಒಂಟಿಯಲ್ಲ.

ಈಗ ಆ ಗಾದೆಯ ಮಾತು. ಕಳೆದಲ್ಲೇ ಹುಡುಕಬೇಕೆನ್ನುವುದು ಹೊಲದಲ್ಲಿ ಬಿದ್ದ ಕಿವಿಯೋಲೆಗೆ ಸರಿ. ಓಲೆ ಬಿದ್ದಲ್ಲೇ ಇರುತ್ತದೆ. ಮಾರುಕಟ್ಟೆಯಲ್ಲಿ ಹೋದ ದುಡ್ಡು ಅಲ್ಲಿ ಬಿದ್ದಿಲ್ಲ, ಆಗಲೇ ಇನ್ನೊಬ್ಬರ ಖಾತೆ ಸೇರಿದೆ. ನೀವು ಎಷ್ಟಕ್ಕೆ ಕೊಂಡಿರೆಂದು ಆ ಷೇರಿಗೂ ಗೊತ್ತಿಲ್ಲ. ಶೇಕಡಾವಾರು ಪಾಠದಲ್ಲಿ ನೀವೇ ಕಲಿಸುವ ವಿಷಯ: ನೂರು ಐವತ್ತಾದರೆ ಶೇ 50ರ ಇಳಿಕೆ, ಆ ಐವತ್ತು ಮತ್ತೆ ನೂರಾಗಬೇಕಾದರೆ ಶೇ 100ರ ಏರಿಕೆ ಬೇಕು.

ಚಾರ್ಟನ್ನು ನಾನು ಹಳಿಯುವುದಿಲ್ಲ. ಮೂವಿಂಗ್ ಆವರೇಜ್ ಆಗಲಿ ಆರ್‌ಎಸ್‌ಐ ಆಗಲಿ, ನಡೆದುಹೋದ ಬೆಲೆಗಳ ಮೇಲಿನ ಗಣಿತ. 2024ರ ಜೂನ್ 3ರಂದು ನಿಫ್ಟಿ ಶೇ 3ಕ್ಕಿಂತ ಹೆಚ್ಚು ಏರಿತು. ಮರುದಿನ ಲೋಕಸಭಾ ಚುನಾವಣೆಯ ಮತ ಎಣಿಕೆಯಾಗುತ್ತಿದ್ದಂತೆ ಸುಮಾರು ಶೇ 6 ಕುಸಿಯಿತು. 3ರ ಸಂಜೆಯ ಚಾರ್ಟಿಗೆ ಮತಯಂತ್ರದೊಳಗೆ ಏನಿದೆಯೆಂದು ತಿಳಿಯುವುದು ಹೇಗೆ? ಅದಕ್ಕೇ ಸ್ಟಾಪ್‌ಲಾಸ್ ಇರುವುದು. ಅದು ನಿಮಗೂ ಗೊತ್ತಿತ್ತು. ಹಾಗಿದ್ದರೂ ಮೂರು ಸಲ ಕೈ ಯಾಕೆ ತಡೆಯಿತು? ನನಗೆ ಅನ್ನಿಸುವುದು ಇಷ್ಟು: ಮಾರಿಬಿಟ್ಟರೆ ನಷ್ಟ ನಿಜವಾಗುತ್ತದೆ, ನಿಜವಾದರೆ ಮನೆಯಲ್ಲಿ ಹೇಳಬೇಕಾಗುತ್ತದೆ. ಗುಟ್ಟಿನ ದುಡ್ಡಿಗೆ ಸ್ಟಾಪ್‌ಲಾಸ್ ಹಾಕುವುದು ಯಾರಿಗೂ ಸುಲಭವಲ್ಲ. ಹಾಗಾಗಿ ರಿಪೇರಿ ಚಾರ್ಟಿನಿಂದಲ್ಲ, ಮನೆಯಿಂದ ಶುರುವಾಗಬೇಕು.

ಮಾರುಕಟ್ಟೆ ಇಲ್ಲದ ದಿನ, ಮಕ್ಕಳಿದ್ದರೆ ಅವರು ಹೊರಗೆ ಆಡುತ್ತಿರುವ ಹೊತ್ತು ನೋಡಿ ನಿಮ್ಮ ಮನೆಯವರ ಜೊತೆ ಕೂತುಕೊಳ್ಳಿ. ಒಂದು ಹಾಳೆಯಲ್ಲಿ ಪೂರ್ತಿ ಮೊತ್ತ, ಸಾಲ, ತಿಂಗಳ ಕಂತು ಬರೆದಿಟ್ಟುಕೊಂಡಿರಿ. 'ಸ್ವಲ್ಪ ಹೋಯಿತು' ಎಂದು ಶುರುಮಾಡಬೇಡಿ. ಕಂತು ಕಂತಾಗಿ ಹೊರಬೀಳುವ ಸತ್ಯ ಹೆಚ್ಚು ನೋಯಿಸುತ್ತದೆ. ಅವರು ಅಳಬಹುದು, ರೇಗಬಹುದು, ನಾಲ್ಕು ದಿನ ಮಾತು ಬಿಡಬಹುದು. ಅದು ಅವರ ಹಕ್ಕು, ಸಮಜಾಯಿಷಿ ಕೊಡಲು ಹೋಗಬೇಡಿ. ಉಳಿದಿರುವ ಷೇರುಗಳನ್ನು ಏನು ಮಾಡುವುದೆಂದು ಆಮೇಲೆ ಇಬ್ಬರೂ ಸೇರಿ ತೀರ್ಮಾನಿಸಿ. ಬೇಕಿದ್ದರೆ ಸೆಬಿ ನೋಂದಾಯಿತ ಸಲಹೆಗಾರರನ್ನು ಕೇಳಿ. ನಷ್ಟ ತುಂಬಿಸಿಕೊಡುತ್ತೇವೆ ಎನ್ನುವ ಟೆಲಿಗ್ರಾಂ ಗುಂಪುಗಳಿಂದ ಇವತ್ತೇ ಹೊರಬನ್ನಿ.

ಮೂರು ತಿಂಗಳು ಹೊಸದಾಗಿ ಒಂದು ರೂಪಾಯಿಯೂ ಬೇಡ. ಸಾಲದ ಬಡ್ಡಿ ಖಂಡಿತ, ಷೇರಿನ ಲಾಭ ಅಲ್ಲ. ಮೊದಲು ಸಾಲ ತೀರಿಸಿ. ರಿಟರ್ನ್ಸ್ ಸಕಾಲಕ್ಕೆ ಸಲ್ಲಿಸಿದರೆ ಷೇರು ಮಾರಿ ಆದ ಬಂಡವಾಳ ನಷ್ಟವನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಲೆಕ್ಕಪರಿಶೋಧಕರನ್ನು ವಿಚಾರಿಸಿ. ಮುಂದೆಂದಾದರೂ ಮರಳಿದರೆ, ಅದು ಮನೆಯವರಿಗೆ ಗೊತ್ತಿರುವ, ಹೋದರೂ ಅಡುಗೆಮನೆಗೆ ತಟ್ಟದ ದುಡ್ಡಾಗಿರಲಿ.

ಇದನ್ನು ಓದುತ್ತಿರುವ ಹೆಂಗಸರಿಗೂ ಒಂದು ಮಾತು. ಗಂಡ ಫೋನ್ ಮರೆಮಾಡುತ್ತಿದ್ದರೆ, ಮೊದಲ ಪ್ರಶ್ನೆ 'ಎಷ್ಟು ಹೋಯಿತು' ಅಂತಲೇ ಇರಬೇಕೆಂದಿಲ್ಲ. 'ನಿದ್ದೆ ಬರುತ್ತಿದೆಯಾ' ಎಂದು ಕೇಳಿ ನೋಡಿ.

ಮೇಷ್ಟ್ರೇ, ನಿದ್ದೆಗೇಡು ಹೀಗೇ ಮುಂದುವರಿದರೆ, ಫೋನ್ ಕೆಳಗಿಡಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದ್ದರೆ ಭಾನುವಾರಕ್ಕೆ ಕಾಯಬೇಡಿ. ಈಗಲೇ ಮಾಡಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾತಾಡಿದ ಮೇಲೆ ಏನಾಯಿತೆಂದು ನನಗೆ ಬರೆಯಿರಿ.