ಹೊಳೆನೀರು ಕೆಟ್ಟಾಗ ಮೈಲಾರದವರು ಯಾರನ್ನು, ಹೇಗೆ ಕೇಳಬೇಕು?

ಭರತ ಹುಣ್ಣಿಮೆಯ ಹೊತ್ತಿಗೆ ತುಂಗಭದ್ರೆಯ ಹರಿವು ಇಳಿದಿರುತ್ತದೆ. ಮೈಲಾರಲಿಂಗನ ಜಾತ್ರೆ ನಡೆಯುವುದೂ ಆಗಲೇ. ಊರೂರಿನಿಂದ ಬಂದ ಭಕ್ತರು, ಗೊರವರು ಹೊಳೆಯಲ್ಲಿ ಮಿಂದು, ಕಾರ್ಣಿಕ ಕೇಳಲು ಡೆಂಕನ ಮರಡಿಗೆ ಹೋಗುತ್ತಾರೆ. ಹೀಗೆ ಜನ ಮೀಯುವ ನೀರು ಎಷ್ಟು ಚೊಕ್ಕಟವಾಗಿರಬೇಕು ಎಂಬುದಕ್ಕೆ ಸರ್ಕಾರವೇ ಅಳತೆ ಹಾಕಿಕೊಟ್ಟಿದೆ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕ, ಅಂದರೆ ಬಿಓಡಿ, 3 ಮಿಲಿಗ್ರಾಂ ದಾಟಬಾರದು. ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 2500ರ ಒಳಗಿರಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಕರ್ನಾಟಕದವು 17. ಹರಿಹರದಿಂದ ಕೊರ್ಲಹಳ್ಳಿವರೆಗಿನ ತುಂಗಭದ್ರೆ ಅವುಗಳಲ್ಲಿ ಒಂದು, ಮೈಲಾರದ ದಂಡೆ ಈ ಹಾದಿಯಲ್ಲೇ ಬರುತ್ತದೆ. ಪಟ್ಟಿಯ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿಯನ್ನೇ ಆಧರಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಪ್ರತಿ ರಾಜ್ಯವೂ ನದಿ ಪುನಶ್ಚೇತನ ಸಮಿತಿ ರಚಿಸಬೇಕು, ಈ ಭಾಗಗಳ ನೀರನ್ನು ಕನಿಷ್ಠ ಸ್ನಾನಕ್ಕಾದರೂ ಯೋಗ್ಯವಾಗಿಸುವ ಕ್ರಿಯಾ ಯೋಜನೆ ಮಾಡಬೇಕು ಎಂದು ಆದೇಶಿಸಿತು. ಆದ್ದರಿಂದ ಮೈಲಾರದವರು ಚೊಕ್ಕ ಹೊಳೆ ಬೇಕೆಂದರೆ ಅದು ಯಾರ ದಯೆಯನ್ನೂ ಬೇಡಿದಂತಲ್ಲ, ಆಗಿರುವ ಆದೇಶ ಜಾರಿಯಾಗಲಿ ಎಂದು ಕೇಳಿದಂತೆ.

ಈ ಹೊಳೆಯ ಜಗಳ ಹಳೆಯದು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ನೀಲಗಿರಿ ಮರದಿಂದ ತಿರುಳು ತೆಗೆಯುವ, ಅದರಿಂದ ವಿಸ್ಕೋಸ್ ಎಂಬ ಕೃತಕ ನಾರು ಮಾಡುವ ಕಾರ್ಖಾನೆಗಳು ಶುರುವಾದವು. 1984ರಲ್ಲಿ ಕೆಳದಂಡೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಊರವರು ಎದ್ದುನಿಂತರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಬೆನ್ನಿಗೆ ನಿಂತಿತು. ಹೋರಾಟ ಬೀದಿಯಲ್ಲೂ ನಡೆಯಿತು, ಕಾನೂನಿನ ದಾರಿಯಲ್ಲೂ ನಡೆಯಿತು. ಇವತ್ತು ಯಾವ ಕೊಳವೆಯಿಂದ ಏನು ಹರಿಯುತ್ತಿದೆ ಎಂಬುದನ್ನು ಹಳೆಯ ಸಿಟ್ಟು ಹೇಳಲಾರದು, ಇವತ್ತಿನ ಪರೀಕ್ಷಾ ವರದಿಯೇ ಹೇಳಬೇಕು. ನಗರಗಳ ಚರಂಡಿ, ಹೊಲಗಳ ಗೊಬ್ಬರ ಮತ್ತು ಕೀಟನಾಶಕಗಳೂ ಇದೇ ಹೊಳೆ ಸೇರುತ್ತವೆ ಎಂಬುದನ್ನು ಮರೆಯಬಾರದು.

ಹೊಳೆಗೆ, ದೇಹಕ್ಕೆ ಏನಾಗುತ್ತದೆ? ತಿರುಳು ತಯಾರಿಕೆಯ ಕಂದು ನೀರಿನಲ್ಲಿರುವ ಸಾವಯವ ಕೊಳೆ ಮೊದಲು ಹೊಳೆಯ ಆಮ್ಲಜನಕವನ್ನು ತಿಂದುಹಾಕುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಕ್ಲೋರಿನ್ ಹಾಕಿ ಬಿಳುಪು ಮಾಡಿದರೆ ಹುಟ್ಟುವ ಕೆಲವು ಸಂಯುಕ್ತಗಳು ಬೇಗ ಕರಗುವುದಿಲ್ಲ, ಮೀನಿನ ಕೊಬ್ಬಿನಲ್ಲಿ ಕೂರುತ್ತವೆ. ವಿಸ್ಕೋಸ್ ನಾರಿನ ತಯಾರಿಕೆಯಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಅನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಲ್ಲಿ ನರ ಮತ್ತು ಹೃದಯದ ತೊಂದರೆಗಳು ಕಂಡಿರುವುದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತು. ಅದೇ ತಯಾರಿಕೆಯಲ್ಲಿ ಹೊರಬರುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಣ್ಣು, ಗಂಟಲು ಉರಿಸುತ್ತದೆ, ಪ್ರಮಾಣ ಹೆಚ್ಚಾದರೆ ಜೀವವನ್ನೇ ತೆಗೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ನಾನದ ನೀರಿನ ಅಳತೆಯಲ್ಲಿ ಸೀಸ, ಸತು, ಕೀಟನಾಶಕ ಯಾವುದೂ ಇಲ್ಲ. ವರದಿಯಲ್ಲಿ ‘ಸ್ನಾನಕ್ಕೆ ಯೋಗ್ಯ’ ಎಂದಿದ್ದ ಮಾತ್ರಕ್ಕೆ ನೀರಿನಲ್ಲಿ ರಾಸಾಯನಿಕ ಇಲ್ಲವೆಂದು ಅರ್ಥವಲ್ಲ. ದೂರು ಕೊಡುವಾಗ ಭಾರಲೋಹ ಮತ್ತು ಕೀಟನಾಶಕಗಳ ಪರೀಕ್ಷೆಯೂ ಆಗಬೇಕು ಎಂದು ಹೆಸರು ಹಿಡಿದು ಬರೆಯಿರಿ. ಹಾಗೆಯೇ ಎಲ್ಲ ಕಾಯಿಲೆಗೂ ಹೊಳೆಯೇ ಕಾರಣವಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಬೋರಿನ ನೀರಲ್ಲಿ ಬಂಡೆಯಿಂದಲೇ ಫ್ಲೋರೈಡ್ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಮೀರಿದರೆ ಹಲ್ಲು, ಮೂಳೆ ಹಾಳಾಗುತ್ತವೆ. ಅದಕ್ಕೆ ಹೊಣೆ ಕೇಳಬೇಕಾದದ್ದು ಗ್ರಾಮ ಪಂಚಾಯ್ತಿ ಮತ್ತು ಗ್ರಾಮೀಣ ಕುಡಿಯುವ ನೀರಿನ ಇಲಾಖೆಯನ್ನು. ಮೈಲಾರ ಸೇರಿರುವ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ 2021ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಕಾರಣ ಯಾವುದೆಂದು ಬೇರ್ಪಡಿಸದೆ ಕೊಟ್ಟ ದೂರು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ.

ಶುದ್ಧ ನೀರು, ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದರೆ ಇಂಥ ಪ್ರಕರಣಗಳು ಸೋಲುವುದು ತತ್ವದ ಮಾತಿನಲ್ಲಲ್ಲ, ಮೊದಲ ದಿನದ ಕೆಲಸದಲ್ಲಿ. ನೀರಿನ ಬಣ್ಣ ಬದಲಾದ ದಿನ, ಮೀನು ಸತ್ತ ದಿನ ಜನ ಒಂದು ಬಾಟಲಿ ತುಂಬಿಕೊಂಡು ಮನೆಯಲ್ಲಿಡುತ್ತಾರೆ. ಅಪರಾಧ ಸಾಬೀತುಪಡಿಸಲು ಆ ಬಾಟಲಿ ಸಾಲದು. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟಿಸು ಕೊಟ್ಟು ಹೊರಬಿಡುವ ನೀರಿನ ಮಾದರಿ ತೆಗೆಯಬೇಕು, ಎರಡು ಭಾಗ ಮಾಡಿ ಮೊಹರು ಹಾಕಬೇಕು, ಸಹಿ ಪಡೆಯಬೇಕು. ಆ ಕ್ರಮದಲ್ಲಿ ತೆಗೆದ ಮಾದರಿಯ ವರದಿಯೇ ಸಾಕ್ಷ್ಯವಾಗಿ ನಿಲ್ಲುತ್ತದೆ. ಹಾಗಾಗಿ ನೀರು ಕೆಟ್ಟಿರುವಾಗಲೇ ಅಧಿಕಾರಿಯನ್ನು ದಂಡೆಗೆ ಕರೆಸುವುದು ಮೊದಲ ಕೆಲಸ. ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯದ ವರದಿಯನ್ನೂ ಮಾಡಿಸಿಡಿ, ಹಸಿರು ನ್ಯಾಯಮಂಡಳಿಯಲ್ಲಿ ತನಿಖೆ ಕೇಳಲು ಅದು ಆಧಾರವಾಗುತ್ತದೆ.

ಮಾಲಿನ್ಯದ ಕೊಳವೆ ಹಾವೇರಿ ಅಥವಾ ದಾವಣಗೆರೆ ಜಿಲ್ಲೆಯಲ್ಲಿರಬಹುದು, ನೀರು ಕುಡಿದವರು ವಿಜಯನಗರ ಜಿಲ್ಲೆಯವರು. ದೂರನ್ನು ಎರಡೂ ಕಡೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗಳಿಗೆ, ಜಿಲ್ಲಾಧಿಕಾರಿಗಳಿಗೆ ಕಳಿಸಿ. ದಿನಾಂಕ, ಹೊತ್ತು, ಜಾಗ, ಫೋಟೊ, ಐದಾರು ಜನರ ಸಹಿ ಇರಲಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟಿನ ರಸೀದಿ ಇಟ್ಟುಕೊಳ್ಳಿ.

ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿಪತ್ರದಲ್ಲಿ ಎಷ್ಟು ನೀರು, ಯಾವ ಗುಣಮಟ್ಟದಲ್ಲಿ ಬಿಡಬಹುದು ಎಂಬ ಷರತ್ತುಗಳಿರುತ್ತವೆ. ಆ ಷರತ್ತುಗಳ ನೋಂದಣಿ ಪುಸ್ತಕವನ್ನು ಬಾಧಿತರು ನೋಡಬಹುದೆಂದು ಜಲ ಕಾಯ್ದೆಯ 25ನೇ ಕಲಮೇ ಹೇಳುತ್ತದೆ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲೂ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು ಎಂಬುದು ನೆನಪಿರಲಿ.

ಮಂಡಳಿ ಸುಮ್ಮನಿದ್ದರೆ ಜಲ ಕಾಯ್ದೆಯ 49ನೇ ಕಲಮಿನಂತೆ 60 ದಿನಗಳ ನೋಟಿಸು ಕೊಟ್ಟು ನಾಗರಿಕರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬಹುದು. 2024ರಲ್ಲಿ ಸಂಸತ್ತು ಈ ಕಾಯ್ದೆಗೆ ತಂದ ತಿದ್ದುಪಡಿ ಹಲವು ಅಪರಾಧಗಳಿಗೆ ಜೈಲಿನ ಬದಲು ದಂಡ ವಿಧಿಸುತ್ತದೆ, ರಾಜ್ಯಗಳು ಒಪ್ಪಿಕೊಂಡಂತೆ ಅದು ಜಾರಿಗೆ ಬರುವಂಥದು. ನೋಟಿಸಿಗೆ ಮುನ್ನ ವಕೀಲರನ್ನು ಕೇಳಿ. ನನ್ನ ಅಭಿಪ್ರಾಯದಲ್ಲಿ ಪರಿಹಾರ ಬೇಕಾದವರಿಗೆ ಹೆಚ್ಚು ನೆರವಾಗುವುದು ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಬಾಧಿತ ವ್ಯಕ್ತಿ, ಜಮೀನಿನ ಮಾಲೀಕ, ಸತ್ತವರ ವಾರಸುದಾರ, ಸಂಘಸಂಸ್ಥೆ ಯಾರಾದರೂ ಅರ್ಜಿ ಹಾಕಬಹುದು. ಮಾಲಿನ್ಯ ನಿಲ್ಲಿಸಿ ಎಂದು ಕೇಳಲು ಕಾರಣ ಹುಟ್ಟಿದ ಆರು ತಿಂಗಳೊಳಗೆ, ಪರಿಹಾರ ಕೇಳಲು ಐದು ವರ್ಷದೊಳಗೆ ಹೋಗಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 17ನೇ ಕಲಮು ಬಡವರ ಪಾಲಿಗೆ ದೊಡ್ಡದು: ಅಪಘಾತದ ಸಂದರ್ಭದಲ್ಲಿ ಕಾರ್ಖಾನೆಯ ತಪ್ಪನ್ನು ಸಾಬೀತು ಮಾಡಬೇಕಿಲ್ಲ, ಆ ಅಪಘಾತದಿಂದ ಹಾನಿ ಆಗಿದ್ದನ್ನು ತೋರಿಸಿದರೆ ಸಾಕು.

ಆ ಹಾನಿಯನ್ನು ತೋರಿಸುವುದು ಆಸ್ಪತ್ರೆಯ ಕಾಗದ. ಹೊಳೆಯಲ್ಲಿ ಮಿಂದದ್ದು, ಮೀನು ತಿಂದದ್ದು, ಔಷಧಿ ಹೊಡೆದದ್ದು ಎಲ್ಲವನ್ನೂ ವೈದ್ಯರಿಗೆ ಹೇಳಿ ಚೀಟಿಯಲ್ಲಿ ಬರೆಸಿ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆಯ ಪ್ರತಿ ಕೊಡಬೇಕೆಂಬ ನಿಯಮವಿದೆ. ಈ ಭಾಗದ ಮಲ್ಲಿಗೆ ಬೆಳೆಗಾರರು ಕೀಟನಾಶಕದ ಬಿಲ್ಲು ಮತ್ತು ಡಬ್ಬಿಯ ಲೇಬಲ್ ಇಟ್ಟುಕೊಂಡಿರಬೇಕು. ಕೆಂಪು ತ್ರಿಕೋನವಿದ್ದರೆ ಅದು ಅತಿ ಘೋರ ವಿಷ.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು, ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ: ಜಾತ್ರೆಗೆ ಮುನ್ನ ಮೈಲಾರದ ದಂಡೆಯ ನೀರನ್ನು ಭಾರಲೋಹ ಸಮೇತ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯ್ತಿಯ ಬೋರ್ಡಿಗೆ ಅಂಟಿಸಬೇಕು ಎಂದು.