ಮಾರುವೇಷದ ವಂಚನೆ

ಫೋನಿನ ಪರದೆಯ ಮೇಲೆ ಪೊಲೀಸ್ ಸಮವಸ್ತ್ರ ತೊಟ್ಟು ಗದರಿಸುತ್ತಿದ್ದ ಅಪರಿಚಿತನೊಬ್ಬನೆದುರು, ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರು ಒಂದು ಕೈಯಲ್ಲಿ ಪಾಸ್‌ಬುಕ್ಕನ್ನೂ ಇನ್ನೊಂದು ಕೈಯಲ್ಲಿ ಕನ್ನಡಕವನ್ನೂ ಹಿಡಿದು ನಡುಗುತ್ತ ಕುಳಿತಿದ್ದುದನ್ನು ಕಂಡು, ನಾನೇ ಆ ಕರೆಯನ್ನು ಕಡಿದೆನು. ವಾಚಕರೇ, ವಿಡಿಯೋ ಕರೆಯ ಮೂಲಕ ಬಂಧಿಸುವ ವಿಧಾನವು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ತಾನು ಬೇರೊಬ್ಬನೆಂದು ನಂಬಿಸಿ ವಂಚಿಸುವುದನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮು ಅಪರಾಧವೆಂದು ಪರಿಗಣಿಸಿ, 5 ವರ್ಷಗಳವರೆಗಿನ ಕಾರಾವಾಸವನ್ನೋ ಜುಲ್ಮಾನೆಯನ್ನೋ ಅಥವಾ ಇವೆರಡನ್ನೂ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 3 ವರ್ಷಗಳಷ್ಟೇ ಇದ್ದಿತು. ಯಾರ ಹೆಸರನ್ನು ಹೊತ್ತುಕೊಂಡು ಬಂದನೋ ಆ ವ್ಯಕ್ತಿ ನಿಜವಾಗಿಯೂ ಇರಲಿ, ಕೇವಲ ಕಲ್ಪಿತನಾಗಿರಲಿ, ಅಪರಾಧ ಅಪರಾಧವೇ. ಜನರ ಬಾಯಲ್ಲಿ ‘420’ ಎಂದು ನೆಲೆನಿಂತ, ವಂಚಿಸಿ ಸ್ವತ್ತು ಪಡೆಯುವ ಕೃತ್ಯವು ಈಗ 318ನೆಯ ಕಲಮಿಗೆ ಸೇರಿದ್ದು, 7 ವರ್ಷಗಳವರೆಗಿನ ಸೆರೆಗೆ ಅರ್ಹವಾಗಿದೆ. ಕೊಟ್ಟ ಮಾತಿಗೆ ತಪ್ಪಿದ ಮಾತ್ರಕ್ಕೆ ವಂಚನೆಯಾಗದು. ಆರಂಭದಲ್ಲಿಯೇ ಕಪಟಬುದ್ಧಿ ಇದ್ದಿರಬೇಕೆಂಬುದನ್ನು, ಸಾಲದ ಜಗಳವನ್ನು ಠಾಣೆಗೆ ಒಯ್ಯುವವರು ನೆನಪಿಡಬೇಕು.

ಹಣ ಹೋಗಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ. ಹಣವು ಖಾತೆಯಿಂದ ಖಾತೆಗೆ ಹರಿದು ಮಾಯವಾಗುವ ಮೊದಲೇ ಅದನ್ನು ತಡೆಹಿಡಿಯುವ ಸಂಭವವುಂಟು. ಬಂದ ಸಂದೇಶಗಳನ್ನು ಅಳಿಸಬೇಡಿ.

ನಮ್ಮ ಮೇಷ್ಟರು ಅಂದು ನನ್ನ ಕೈಹಿಡಿದು, “ಮಕ್ಕಳಿಗೆ ಮಾತ್ರ ಹೇಳಬೇಡಪ್ಪ” ಎಂದರು. ನಾನು ಅವರ ಪಕ್ಕದಲ್ಲೇ ಕುಳಿತು ಅವರ ಮಗಳಿಗೆ ಫೋನು ಮಾಡಿಸಿದೆನು.